ಉದ್ದ ಬಾಲದವು ಮೇಲಿನ ಸಾಲಿಗೆ

ಜೂನ್ 4, ಬುಧವಾರ

ಈ ಪುಸ್ತಕ ಕೊಟ್ಟವಳು ಮೊಮ್ಮಗಳು. ದಿನಾ ಎಷ್ಟು ನಡೆದೆ, ಏನು ತಿಂದೆ, ಎದೆಯಲ್ಲಿ ಏನಾದರೂ ಆಯಿತೇ, ಮೂರನ್ನೂ ಬರೆದಿಡಬೇಕೆಂದು ಹೃದಯದ ಡಾಕ್ಟರ ಅಪ್ಪಣೆಯಂತೆ. ನಡೆದದ್ದು ಇಪ್ಪತ್ತು ನಿಮಿಷ. ತಿಂದದ್ದು ಉಪ್ಪಿಲ್ಲದ್ದು. ಎದೆಯಲ್ಲಿ ಏನೂ ಆಗಿಲ್ಲ. ಮೂರು ಸಾಲಿಗೆ ಇಷ್ಟು ದಪ್ಪ ಪುಸ್ತಕ ಯಾಕೆ? ಮಿಕ್ಕ ಜಾಗದಲ್ಲಿ ನನಗೆ ತೋಚಿದ್ದು ಬರೆದುಕೊಳ್ಳುತ್ತೇನೆ. ನಾಲ್ಕನೇ ಕ್ಲಾಸಿನವರೆಗೆ ಕಲಿತದ್ದು ಇನ್ನೂ ಕೈಬಿಟ್ಟಿಲ್ಲ. ಓದುವವರು ಯಾರೂ ಇಲ್ಲ, ಒತ್ತಕ್ಷರ ತಪ್ಪಿದರೆ ಕಿವಿ ಹಿಂಡುವವರೂ ಇಲ್ಲ.

ನನಗೆ ಹೃದಯಾಘಾತವಾಗಿ ಎರಡು ತಿಂಗಳಾಯಿತು. ಆದದ್ದೇ ಯಾರಿಗೂ ಗೊತ್ತಾಗಲಿಲ್ಲ. ನನಗೆ ನೋವು ಬಂದದ್ದು ದವಡೆಯಲ್ಲಿ, ಆಮೇಲೆ ಬೆನ್ನಲ್ಲಿ. ಮೊದಲು ನೋಡಿದ ಡಾಕ್ಟರು ಗ್ಯಾಸು ಅಂದ. ಎರಡನೆಯವನು ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಅಂದ. ಬಾಯಲ್ಲಿ ಉಳಿದಿರುವುದೇ ಆರು ಹಲ್ಲು, ಅಷ್ಟೊಂದು ನೋಯುವ ಯೋಗ್ಯತೆ ಅವಕ್ಕೆಲ್ಲಿ? ಮೂರನೆಯ ದಿನ ನಾನು ದೊಪ್ಪೆಂದು ಬಿದ್ದ ಮೇಲೆ ಎಲ್ಲರಿಗೂ ಬುದ್ಧಿ ಬಂತು. ರಕ್ತನಾಳಕ್ಕೆ ಸ್ಟೆಂಟ್ ಕೂರಿಸಿ ಕಳಿಸಿದರು. ಮಗಳ ಮನೆಗೆ ಮೂರು ಮಹಡಿ ಹತ್ತಬೇಕು, ಹಾಗಾಗಿ ಅವಳ ಮಗಳ ಪಾಲಿಗೆ ಬಂದಿದ್ದೇನೆ. ಈ ಮೊಮ್ಮಗಳಿಗೆ ಸಂಶೋಧನಾ ಸಂಸ್ಥೆಯವರು ಆವರಣದಲ್ಲೇ ಎರಡು ಕೋಣೆಯ ಕ್ವಾರ್ಟರ್ಸ್ ಕೊಟ್ಟಿದ್ದಾರೆ.

ಅವಳ ಕೆಲಸ ನೆನೆಸಿಕೊಂಡರೆ ನಗು ಬರುತ್ತದೆ. ನನಗೆ ತಾನಾಗಿ ಬಂದ ಕಾಯಿಲೆಯನ್ನು ಅವಳು ಇಲಿಗಳಿಗೆ ಬೇಕೆಂದೇ ಬರಿಸುತ್ತಾಳೆ. ಬರಿಸಿ, ಔಷಧ ಕೊಟ್ಟು, ಹೃದಯ ಎಷ್ಟು ಉಳಿಯಿತೆಂದು ಅಳೆಯುತ್ತಾಳೆ.

“ಇಲಿ ಯಾಕೇ? ನಾನೇ ಇದ್ದೆನಲ್ಲ.”

“ನಿನ್ನನ್ನ ಗೂಡಲ್ಲಿ ಇಡೋಕಾಗಲ್ಲ ಅಜ್ಜಿ. ಕಚ್ತೀಯ.”

ನನ್ನ ಮೊಮ್ಮಗಳು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಜೂನ್ 9, ಸೋಮವಾರ

ನನ್ನ ನಡಿಗೆ ಕ್ವಾರ್ಟರ್ಸಿನಿಂದ ಶುರುವಾಗಿ ಪ್ರಾಣಿಗಳ ಮನೆಯ ಹತ್ತಿರ ಮುಗಿಯುತ್ತದೆ. ಅಲ್ಲೊಂದು ಬೆಂಚಿದೆ. ‘ಹೊರಗಿನವರಿಗೆ ಪ್ರವೇಶವಿಲ್ಲ’ ಎಂಬ ಬೋರ್ಡೂ ಇದೆ. ನಾನು ಇದೇ ಆವರಣದಲ್ಲಿ ಮಲಗಿ ಏಳುವವಳು, ಹೊರಗಿನವಳು ಹೇಗಾದೇನು?

ಇಲಿಗಳನ್ನು ನೋಡಿಕೊಳ್ಳುವವನು ನಿವೃತ್ತಿಗೆ ಎರಡು ವರ್ಷ ಬಾಕಿ ಇರುವ, ಸೊಂಟ ಹಿಡಿದ ಮನುಷ್ಯ. ಇಲಿಯಪ್ಪ ಎಂದು ಹೆಸರಿಟ್ಟು ಎದುರಿಗೇ ಕರೆದೆ.

“ನನ್ನ ಹೆಂಡತಿ ಕೂಡ ಹಾಗೆ ಕರೆಯೋದಿಲ್ಲ ಅಕ್ಕಾ.”

“ಮನಸ್ಸಲ್ಲಿ ಕರೀತಾಳೆ ಬಿಡು.”

ಅವನು ನಕ್ಕ, ಸೊಂಟ ಹಿಡಿದುಕೊಂಡು. ಒಳಗೆ ಬಿಟ್ಟ, ಒಂದು ನಿಲುವಂಗಿ ಹಾಕಿಸಿ. ಗೂಡು ಚೊಕ್ಕಟವಾಗಿದೆ, ಕೆಳಗೆ ಹಾಸಿದ ಹೊಟ್ಟು ಒಣಗಿದೆ. ನೀರಿನ ಬಾಟಲಿ ಎರಡು ಕಡೆ ಸೋರುತ್ತಿತ್ತು, ತೋರಿಸಿಕೊಟ್ಟೆ. ನಲವತ್ತು ವರ್ಷ ಆಡು ಸಾಕಿದವಳು ನಾನು. ಪ್ರಾಣಿ ಎಷ್ಟೇ ಸಣ್ಣದಿರಲಿ, ನೋಡಿದ ಕೂಡಲೇ ಅದರ ಹಣೆಬರಹ ಹೇಳಬಲ್ಲೆ. ಈ ವಿಷಯದಲ್ಲಿ ನನ್ನ ಕಣ್ಣು ತಪ್ಪಿದ್ದಿಲ್ಲ.

ಸಂಜೆಯ ಮಾತ್ರೆ ಹೂಕುಂಡದ ಮಣ್ಣಿಗೆ ಹಾಕಿದೆ. ಎರಡು ಹೊತ್ತಿನದೇ ಹೆಚ್ಚು, ಮೂರನೆಯದು ಯಾಕೆ? ಗಿಡದ ಎದೆಯಾದರೂ ಗಟ್ಟಿಯಾಗಲಿ.

ಜೂನ್ 12, ಗುರುವಾರ

ಹೊಸದಾಗಿ ನಲವತ್ತು ಇಲಿ ಬಂದವು. ಇಲಿಯಪ್ಪ ಅವನ್ನು ಪೆಟ್ಟಿಗೆಯಿಂದ ಒಂದೊಂದಾಗಿ ಎತ್ತಿ, ಒಂದಕ್ಕೊಂದು ಗೂಡಿನಂತೆ ಬಿಟ್ಟು, ನಾಲ್ಕು ಸಾಲಿನ ಕಬ್ಬಿಣದ ಚೌಕಟ್ಟಿಗೆ ಏರಿಸಿದ. ರಿಜಿಸ್ಟರಿನಲ್ಲಿ ಬರೆದದ್ದು ಇಷ್ಟು: ಬಿಳಿ ಇಲಿ, ಗಂಡು, ನಲವತ್ತು.

ನಾನು ಕನ್ನಡಕ ಏರಿಸಿ ನೋಡಿದೆ. ಅರ್ಧದಷ್ಟು ಇಲಿಗಳಿಗೆ ತಲೆ ಅಗಲ, ಕಿವಿ ದೊಡ್ಡದು, ಬಾಲ ಮೈಗಿಂತ ಗಿಡ್ಡ. ಇನ್ನರ್ಧಕ್ಕೆ ಮೂತಿ ಚೂಪು, ಬಾಲ ಮೈಯಷ್ಟೇ ಉದ್ದ.

“ಇವು ಒಂದೇ ತಳಿ ಅಲ್ಲ ಕಣೋ.”

“ಎರಡೂ ಬಿಳಿ, ಎರಡಕ್ಕೂ ಕೆಂಪು ಕಣ್ಣು. ಇನ್ನೇನು ಅಕ್ಕಾ, ಗುರುತಿನ ಚೀಟಿ ಬೇಕಾ?”

“ಹೀಗೆ ಕಲಸಿ ಇಟ್ಟಿದೀಯಲ್ಲ, ನಾಚಿಕೆ ಆಗಲ್ವಾ?”

“ಹೇಗೆ ಕೈಗೆ ಸಿಗುತ್ತೋ ಹಾಗೇ ಇಡು, ಆರಿಸ್ಬೇಡ ಅಂತ ಮೇಡಂ ಹೇಳಿದಾರೆ.”

ಮೇಡಂ ಅಂದರೆ ನನ್ನ ಮೊಮ್ಮಗಳೇ. ಅಷ್ಟು ಹೇಳಿ ಅವನು ಸೊಂಟ ಚಾಚಲು ಬೆಂಚಿಗೆ ಹೋದ. ನನಗೆ ಕೈ ಸುಮ್ಮನಿರಲಿಲ್ಲ. ಎರಡು ತಳಿಯ ಆಡನ್ನು ಒಂದೇ ದೊಡ್ಡಿಗೆ ನಾನು ಯಾವತ್ತೂ ಬಿಟ್ಟವಳಲ್ಲ. ಗೂಡುಗಳು ಹಗುರವಾಗಿದ್ದವು. ಉದ್ದ ಬಾಲದವು ಮೇಲಿನ ಎರಡು ಸಾಲಿಗೆ, ಅಗಲ ತಲೆಯವು ಕೆಳಗಿನ ಎರಡಕ್ಕೆ. ಹದಿನೆಂಟು ಗೂಡು ಜಾಗ ಬದಲಿಸಿದ್ದಷ್ಟೇ, ಕೆಲಸ ಮುಗಿಯಿತು.

ಇಲಿಯಪ್ಪ ಬಂದು ನೋಡಿ, “ಒಪ್ಪವಾಗಿದೆ ಅಕ್ಕಾ” ಅಂದ. “ಮೇಡಂಗೆ ಮಾತ್ರ ಹೇಳ್ಬೇಡಿ. ನಿಮ್ಮನ್ನ ಒಳಗೆ ಬಿಟ್ಟೆ ಅಂತ ಗೊತ್ತಾದ್ರೆ ನನ್ನ ಚರ್ಮ ಸುಲೀತಾರೆ.”

ನಡೆದದ್ದು ಇಪ್ಪತ್ತೈದು ನಿಮಿಷ. ಎದೆ ಗಡಿಯಾರದ ಹಾಗಿದೆ.

ಜೂನ್ 13, ಶುಕ್ರವಾರ

ಮೊಮ್ಮಗಳು ಇವತ್ತು ಹೊಸ ಇಲಿಗಳ ಬಾಲದ ಮೇಲೆ ಶಾಯಿಯಲ್ಲಿ ನಂಬರು ಹಾಕಿ ಬಂದಳು. ಮೇಲಿನ ಎರಡು ಸಾಲಿಗೆ ಔಷಧ. ಕೆಳಗಿನ ಎರಡಕ್ಕೆ ಬರೀ ಉಪ್ಪುನೀರು. ಔಷಧ ಕೊಟ್ಟದ್ದಕ್ಕೂ ಕೊಡದ್ದಕ್ಕೂ ಎಷ್ಟು ವ್ಯತ್ಯಾಸ ಎಂದು ನೋಡುವುದೇ ಪ್ರಯೋಗವಂತೆ.

“ಇಲಿಗೆ ಉಪ್ಪುನೀರು, ನನಗೆ ಚಿಟಿಕೆ ಉಪ್ಪಿಲ್ಲ. ಒಳ್ಳೆ ನ್ಯಾಯ ಕಣೇ.”

ಅವಳು ನಗಲಿಲ್ಲ, ದಣಿದಿದ್ದಳು. ನಾನು ಜೋಡಿಸಿದ ಒಪ್ಪ ಅವಳ ಕಣ್ಣಿಗೆ ಬಿದ್ದಿಲ್ಲ. ಹೇಳೋಣವೆಂದರೆ ಇಲಿಯಪ್ಪನಿಗೆ ಬಯ್ಗುಳ. ಹೋಗಲಿ.

ಜುಲೈ 18, ಶುಕ್ರವಾರ

ಇವತ್ತು ಈ ಮನೆಯಲ್ಲಿ ಯಾರ ಕಾಲೂ ನೆಲದ ಮೇಲಿಲ್ಲ. ನನ್ನ ಮರಿ ಗೆದ್ದಳು!

ಲ್ಯಾಪ್‌ಟಾಪನ್ನು ನನ್ನ ಮಡಿಲಿಗೇ ತಂದಿಟ್ಟು ತೋರಿಸಿದಳು. ಇಲಿಗೆ ಮಂಪರು ಬರಿಸಿ, ಎದೆ ತೆರೆದು, ಹೃದಯದ ಮೇಲಿನ ಒಂದು ನಾಳಕ್ಕೆ ಕೂದಲಿನಂಥ ದಾರದ ಕುಣಿಕೆ ಹಾಕಿ ಅರ್ಧ ಗಂಟೆ ಬಿಗಿದು ಬಿಡುತ್ತಾಳೆ. ಕೊನೆಗೆ ಹೃದಯವನ್ನು ಬಿಲ್ಲೆ ಬಿಲ್ಲೆ ಕೊಯ್ದು ಬಣ್ಣದಲ್ಲಿ ಅದ್ದುತ್ತಾಳೆ. ಬದುಕಿದ ಭಾಗ ಇಟ್ಟಿಗೆಯಂತೆ ಕೆಂಪಾಗುತ್ತದೆ, ಸತ್ತದ್ದು ಬಿಳಿಚಿಕೊಂಡೇ ಇರುತ್ತದೆ. ಉಪ್ಪುನೀರಿನ ಇಲಿಗಳಲ್ಲಿ ಹತ್ತರಲ್ಲಿ ಐದು ಪಾಲು ಬಿಳಿ. ಔಷಧದವುಗಳಲ್ಲಿ ಎರಡೇ ಪಾಲು.

“ಆ ಔಷಧ ನನಗೂ ಹಾಕು.”

“ಅದು ಮನುಷ್ಯರಿಗೆ ಬರೋಕೆ ಇನ್ನೂ ಹತ್ತು ವರ್ಷ ಬೇಕು ಅಜ್ಜಿ.”

“ಕಾಯ್ತೀನಿ. ನನಗೇನು ಬೇರೆ ಕೆಲಸ?”

ಎದುರು ಮನೆಯವಳಿಗೆ ಹೇಳಿದೆ, ಹಾಲಿನವನಿಗೆ ಹೇಳಿದೆ, ಮಗಳಿಗೆ ಫೋನಿನಲ್ಲಿ ಎರಡು ಸಲ ಹೇಳಿದೆ. ಎರಡನೇ ಸಲ ಅವಳು, “ಅಮ್ಮಾ, ಈಗ ತಾನೇ ಹೇಳಿದ್ಯಲ್ಲ” ಅಂದಳು. ಒಳ್ಳೆ ಸುದ್ದಿ ಎರಡು ಸಲ ಕೇಳಿದರೆ ಕಿವಿ ಸವೆಯುತ್ತದೆಯೇ?

ಜುಲೈ 25, ಶುಕ್ರವಾರ

ಅವಳ ದೊಡ್ಡ ಮೇಷ್ಟ್ರು ಚಹಾಕ್ಕೆ ಬಂದಿದ್ದರು. ಎತ್ತರದ ಮನುಷ್ಯ, ಕುರ್ಚಿಯಲ್ಲಿ ಕೂತರೂ ನಿಂತ ಹಾಗೇ ಕಾಣುತ್ತಾರೆ.

“ನಿಮ್ಮ ಮೊಮ್ಮಗಳ ಕೈ ಚಿನ್ನ ಅಜ್ಜಿ.”

“ಆ ಕೈ ನನ್ನದೇ. ಆಡಿಗೆ ಹೆರಿಗೆ ಮಾಡಿಸ್ತಿದ್ದೆ ನಾನು.”

ಸೆಪ್ಟೆಂಬರ್ ಹನ್ನೆರಡಕ್ಕೆ ದೊಡ್ಡ ಸಮ್ಮೇಳನವಂತೆ, ಬೇರೆ ಊರಲ್ಲಿ. ಅಲ್ಲಿ ಇವಳು ಮಾತಾಡಬೇಕು. ಮಾತು ಗೆದ್ದರೆ ಇವಳಿಗೆ ಸ್ವಂತ ಪ್ರಯೋಗಾಲಯ, ಬಾಗಿಲ ಮೇಲೆ ಹೆಸರು. ಅದಕ್ಕೆ ಮುಂಚೆ ಇನ್ನು ಇಪ್ಪತ್ತು ಇಲಿಗಳ ಮೇಲೆ ಒಮ್ಮೆ ಮಾಡಿ ನೋಡಿಬಿಡು, ಯಾರೂ ಬಾಯಿ ಎತ್ತಬಾರದು ಅಂದರು. ಇವಳ ಕೆನ್ನೆ ಕೆಂಪಾಗಿತ್ತು. ಹಾಗೆ ಕೆಂಪಾದದ್ದು ನಾನು ನೋಡಿದ್ದು ಅವಳ ಐದನೇ ವಯಸ್ಸಿನಲ್ಲಿ, ಮರ ಹತ್ತಿ ಇಳಿದಾಗ.

ಸೆಪ್ಟೆಂಬರ್ 1, ಸೋಮವಾರ

ಐದು ವಾರದಲ್ಲಿ ಬರೆಯುವಂಥದ್ದೇನೂ ಇರಲಿಲ್ಲ. ಇವತ್ತು ಇದೆ.

ಅವಳು ಬಂದವಳು ಚಪ್ಪಲಿ ಕೂಡ ಬಿಡದೆ ಮೇಜಿನ ಮುಂದೆ ಕೂತಳು. ಎರಡೂ ಕೈಯನ್ನು ಮುಂದೆ ಚಾಚಿ, ಬೆರಳು ಬಿಡಿಸಿ, ನೋಡುತ್ತಾ ಕೂತಳು.

“ಏನೇ ಅದು?”

“ನಡುಗ್ತಿದೆಯಾ ನೋಡು ಅಜ್ಜಿ.”

“ಇಲ್ಲ.”

“ಸರಿಯಾಗಿ ನೋಡು. ಇಪ್ಪತ್ತೂ ಇಲಿ ಮುಗೀತು. ಎಲ್ಲದರ ಹೃದಯವೂ ಅರ್ಧ ಬಿಳಿ. ಔಷಧ ಕೊಟ್ಟದ್ದೂ ಅರ್ಧ ಸತ್ತಿದೆ, ಕೊಡದ್ದೂ ಅರ್ಧ ಸತ್ತಿದೆ. ಒಂದು ಚೂರೂ ವ್ಯತ್ಯಾಸ ಇಲ್ಲ. ಸರ್ ಹೇಳ್ತಾರೆ, ಔಷಧ ಅದೇ, ಇಲಿ ಅವೇ, ಹಾಗಾದ್ರೆ ಕೆಟ್ಟಿರೋದು ಕೈ.”

“ಆ ಉದ್ದಕಂಬಕ್ಕೆ ಏನು ಗೊತ್ತು?”

“ಅವರಿಗೇ ಗೊತ್ತು ಅಜ್ಜಿ.”

ತಟ್ಟೆ ಮುಟ್ಟಲಿಲ್ಲ. ಒಂದು ದಾರದ ತುಂಡನ್ನು ಕುರ್ಚಿಯ ಕೈಗೆ ಕಟ್ಟುವುದು, ಬಿಚ್ಚುವುದು, ಕಟ್ಟುವುದು.

ಸೆಪ್ಟೆಂಬರ್ 3, ಬುಧವಾರ

ಮೇಷ್ಟ್ರು ಏನಾದರೂ ಅನ್ನಲಿ, ಇದು ಇಲಿಯಪ್ಪನ ಎಡವಟ್ಟು ಎಂದು ನನಗೆ ಖಚಿತವಾಗಿತ್ತು. ಹೊಟ್ಟು ತೇವವಿರಬೇಕು, ಕಾಳು ಹಳತಿರಬೇಕು. ಬಯ್ಯಲೆಂದೇ ಹೋದೆ. ಹೊಟ್ಟು ಒಣಗಿತ್ತು. ಕಾಳು ಹೊಸದಿತ್ತು. ಹೆಚ್ಚಾಗಿ ಬಂದ ನಾಲ್ಕು ಇಲಿ ಇನ್ನೂ ಗೂಡಿನಲ್ಲಿದ್ದವು. ನಾಲ್ಕಕ್ಕೂ ಅಗಲ ತಲೆ, ಗಿಡ್ಡ ಬಾಲ.

“ಉದ್ದ ಬಾಲದವು ಎಲ್ಲೋ?”

“ಈ ಸಲ ಅವು ಬಂದೇ ಇಲ್ಲ ಅಕ್ಕಾ. ಜೂನಲ್ಲಿ ಇಲಿ ಕಳಿಸೋರ ಹತ್ತಿರ ನಲವತ್ತು ಒಂದೇ ಥರ ಇರ್ಲಿಲ್ಲ, ಬೇರೆ ತಳೀದು ಇಪ್ಪತ್ತು ಸೇರಿಸಿ ಕಳಿಸಿದ್ರು. ಪೆಟ್ಟಿಗೆ ಮೇಲೆ ಬರೆದಿತ್ತು.”

“ನೀನು ಯಾರಿಗೂ ಹೇಳಲಿಲ್ವಾ?”

“ಬಿಳಿ ಇಲಿ ಕೇಳಿದ್ರು, ಬಿಳಿ ಇಲಿ ಬಂತು. ಹೇಳೋದೇನಿದೆ?”

ಬೆಂಚಿನ ಮೇಲೆ ಕೂತೆ. ಒಂದು ವರ್ಷ ನನ್ನ ಮಂದೆಗೆ ಗಂಟಲುಬೇನೆ ಬಂದಿತ್ತು. ಎರಡು ತಳಿಗೂ ಒಂದೇ ಔಷಧಿ ಕುಡಿಸಿದ್ದೆ. ಕುಳ್ಳ ಆಡುಗಳೆಲ್ಲ ಉಳಿದವು, ಎತ್ತರದವು ಸಾಲಾಗಿ ಮಲಗಿದವು. ಆಗ ಯಾರಾದರೂ ಕುಳ್ಳ ಆಡುಗಳನ್ನಷ್ಟೇ ನೋಡಿದ್ದರೆ ನನ್ನ ಔಷಧಿಗೆ ಕೈ ಮುಗಿಯುತ್ತಿದ್ದರು.

ಮೇಲಿನ ಎರಡು ಸಾಲಿಗೆ ಔಷಧ. ಮೇಲಿನ ಎರಡು ಸಾಲಿಗೆ ಉದ್ದ ಬಾಲದವನ್ನು ಏರಿಸಿದವಳು ನಾನು.

ನಡೆದದ್ದು ಹನ್ನೆರಡು ನಿಮಿಷ.

ಸೆಪ್ಟೆಂಬರ್ 4, ಗುರುವಾರ

ನಡೆದದ್ದು ಇಲ್ಲ. ತಿಂದದ್ದು ನೆನಪಿಲ್ಲ. ಎದೆ ಸರಿಯಾಗಿದೆ.

ಸೆಪ್ಟೆಂಬರ್ 6, ಶನಿವಾರ

ಮೇಷ್ಟ್ರು ದಾರಿ ಹುಡುಕಿದ್ದಾರೆ. ಎರಡನೇ ಸಲದ ಇಪ್ಪತ್ತು ಇಲಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಬೇಡ, ಶಸ್ತ್ರಕ್ರಿಯೆಯ ದೋಷ ಎಂದು ಪಕ್ಕಕ್ಕಿಡು, ಮೊದಲ ನಲವತ್ತನ್ನೇ ಸಮ್ಮೇಳನದಲ್ಲಿ ಹೇಳು ಅಂದರಂತೆ. ಇವಳು ಒಪ್ಪಿದ್ದಾಳೆ. ತನ್ನ ಕೈ ಕೆಟ್ಟಿದೆ ಎಂದೂ ಒಪ್ಪಿಬಿಟ್ಟಿದ್ದಾಳೆ. ಇನ್ನು ಮೇಲೆ ಶಸ್ತ್ರ ಹಿಡಿಯುವ ಕೆಲಸವನ್ನು ಬೇರೆಯವರಿಗೆ ಬಿಡುತ್ತಾಳಂತೆ.

ಒಳ್ಳೆಯದೇ ಆಯಿತು. ಮಾತು ಗೆಲ್ಲಲಿ, ಬಾಗಿಲ ಮೇಲೆ ಹೆಸರು ಬೀಳಲಿ. ಆಮೇಲೆ ಹೇಳಿದರಾಯಿತು. ಹೇಳದಿದ್ದರೂ ಆಯಿತು. ನಾನೇನು ಹಾಳು ಮಾಡಬೇಕೆಂದು ಮಾಡಿದೆನೇ? ಕೈ ಹಾಕಿದ ಕಡೆಯೆಲ್ಲ ಒಪ್ಪ ಮಾಡಿದವಳು ನಾನು. ಅದನ್ನು ತಪ್ಪು ಅನ್ನುವುದಾದರೆ ಲೋಕದಲ್ಲಿ ಯಾರೂ ಕಸ ಗುಡಿಸುವಂತಿಲ್ಲ.

ಸೆಪ್ಟೆಂಬರ್ 9, ಮಂಗಳವಾರ

ತಪಾಸಣೆಗೆ ಹೋಗಿದ್ದೆವು. ಹೃದಯದ ಡಾಕ್ಟರು ಹೆಂಗಸು, ನನ್ನ ಮಗಳ ವಯಸ್ಸು. ಕೂರುವ ಕೋಣೆಯಲ್ಲಿ ನನ್ನ ಪಕ್ಕ ಒಬ್ಬಳು ದವಡೆಗೆ ಕರವಸ್ತ್ರ ಒತ್ತಿಕೊಂಡು ಕೂತಿದ್ದಳು. ಹಲ್ಲಿನವರು, ಹೊಟ್ಟೆಯವರು ಎಲ್ಲ ಸುತ್ತಿ ಬಂದಿದ್ದಾಳಂತೆ. ನಾನು ಎದ್ದು ಹೋಗಿ, ನನ್ನ ಸರದಿಗೆ ಮುಂಚೆ ಅವಳನ್ನು ನೋಡಿ ಎಂದು ಗಲಾಟೆ ಮಾಡಿದೆ. ನೋಡಿದರು. ಗಾಲಿಮಂಚದಲ್ಲಿ ಒಳಗೆ ಓಡಿಸಿಕೊಂಡು ಹೋದರು.

ಡಾಕ್ಟರಿಗೆ ಕೇಳಿದೆ, “ನಮ್ಮ ದವಡೆ ನೋವು ಮೊದಲ ಡಾಕ್ಟರುಗಳಿಗೆ ಯಾಕಮ್ಮಾ ಗೊತ್ತಾಗಲ್ಲ?”

“ಅವರು ಓದಿದ ಪುಸ್ತಕದಲ್ಲಿ ಎದೆ ನೋವು ಅಂತಲೇ ದೊಡ್ಡದಾಗಿ ಬರೆದಿರುತ್ತೆ. ಬರೆದವರು ಹಿಂದೆ ಹೆಚ್ಚಾಗಿ ನೋಡಿದ್ದು ಗಂಡಸರನ್ನ. ಅದನ್ನೇ ಎಲ್ಲರಿಗೂ ಅನ್ವಯಿಸಿಬಿಟ್ರು.”

“ಒಂದು ಥರದವರನ್ನ ನೋಡಿ ಎಲ್ಲರಿಗೂ ಬರೆದ್ರಾ?”

“ಹಾಗೇ.”

ಮೊಮ್ಮಗಳು ಪಕ್ಕದಲ್ಲೇ ಕೂತಿದ್ದಳು, ಕೈ ಎರಡನ್ನೂ ಚೀಲದೊಳಗೆ ಇಟ್ಟುಕೊಂಡು.

ಸಂಜೆಯ ಮಾತ್ರೆ ನುಂಗಿದೆ.

ಸೆಪ್ಟೆಂಬರ್ 10, ಬುಧವಾರ

ನಾಳೆ ಅವಳ ಪ್ರಯಾಣ. ಬಟ್ಟೆ ಮಡಚಿ ಪೆಟ್ಟಿಗೆಗೆ ಇಡುತ್ತಿದ್ದಳು.

“ಮರೀ, ಕೂತ್ಕೋ. ಜೂನಲ್ಲಿ ಬಂದ ಆ ನಲವತ್ತು ಇಲಿ ಇತ್ತಲ್ಲ, ಅವನ್ನ ಬೇರೆ ಮಾಡಿ ಇಟ್ಟದ್ದು ನಾನು.”

“ಬೇರೆ ಅಂದ್ರೆ?”

“ಅವು ಎರಡು ತಳಿ. ಕಲಸಿಬಿಟ್ಟಿದ್ದ, ನನಗೆ ನೋಡೋಕಾಗಲಿಲ್ಲ. ಉದ್ದ ಬಾಲದವನ್ನೆಲ್ಲ ಮೇಲಿಟ್ಟೆ, ಗಿಡ್ಡ ಬಾಲದವನ್ನೆಲ್ಲ ಕೆಳಗಿಟ್ಟೆ. ಮಾರನೇ ದಿನ ನೀನು ಬಂದು ಮೇಲಿನವಕ್ಕೆ ಔಷಧ ಅಂದೆ.”

ಅವಳ ಕೈಯಲ್ಲಿದ್ದ ಅಂಗಿ ಅರ್ಧ ಮಡಚಿ ಹಾಗೇ ನಿಂತಿತು. ಲ್ಯಾಪ್‌ಟಾಪ್ ತೆಗೆದಳು. ಪ್ರತಿ ಇಲಿಯದೂ ಫೋಟೋ ಇದೆ, ಅಳತೆಪಟ್ಟಿಯ ಪಕ್ಕ ಮಲಗಿಸಿ, ಬಾಲದ ನಂಬರು ಕಾಣುವ ಹಾಗೆ ತೆಗೆದದ್ದು. ಒಂದರಿಂದ ಇಪ್ಪತ್ತರವರೆಗೆ ನೋಡಿದಳು. ಇಪ್ಪತ್ತೊಂದರಿಂದ ನಲವತ್ತರವರೆಗೆ ನೋಡಿದಳು. ನಂಬರಿಗೆಂದು ನೂರು ಸಲ ನೋಡಿದ ಬಾಲಗಳನ್ನು ಇವತ್ತು ಮೊದಲ ಸಲ ಬಾಲಗಳೆಂದು ನೋಡಿದಳು.

“ಔಷಧ ಅಲ್ಲ,” ಅಂದಳು. “ಉಳಿಸಿದ್ದು ತಳಿ. ಆ ತಳಿ ತಾನಾಗೇ ತಡ್ಕೊಳ್ಳುತ್ತೆ.” ಆಮೇಲೆ ದನಿ ಏರಿತು. “ಒಂದು ಮಾತು ಹೇಳ್ಬಾರ್ದಿತ್ತಾ ಅಜ್ಜಿ? ಮೂರು ತಿಂಗಳು! ಯಾರು ನಿನಗೆ ಮುಟ್ಟು ಅಂದ್ರು? ಇಡೀ ಊರು ನಿನ್ನ ದೊಡ್ಡಿ ಅಂದ್ಕೊಂಡಿದೀಯಾ?”

“ನನ್ನ ತಪ್ಪು,” ಅಂದೆ.

ಅವಳು ಬಯ್ಯುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. ಯಾಕೆ ಹಾಗೆ ನೋಡಿದಳೋ.

ತನ್ನ ಕೈ ನೋಡಿಕೊಂಡು ಕೇಳಿದಳು, “ಹಾಗಾದ್ರೆ ಎರಡನೇ ಸಲ ನನ್ನ ಕೈ…”

“ಕೈಗೆ ಏನೂ ಆಗಿಲ್ಲ ಕಣೇ. ಎರಡು ಸಲವೂ ನೆಟ್ಟಗೇ ಕಟ್ಟಿದೀಯ.”

ಆಗ ಅತ್ತಳು. ಅಲ್ಲಿಯವರೆಗೆ ಅತ್ತಿರಲಿಲ್ಲ. ನಾನು ಬೆನ್ನ ಮೇಲೆ ಕೈ ಇಟ್ಟೆ, ಅವಳು ತೆಗೆಯಲಿಲ್ಲ.

ಆಮೇಲೆ ಮೂಗು ಒರೆಸಿಕೊಂಡು ಪಾಠವನ್ನೇ ಹೇಳಿದಳು. ಗಿನಿಪಿಗ್ಗಿಗೆ ನಾಳ ಬಿಗಿದರೂ ಹೃದಯ ಸಾಯುವುದಿಲ್ಲವಂತೆ, ಪಕ್ಕದ ಸಣ್ಣ ನಾಳಗಳಲ್ಲಿ ರಕ್ತ ಹರಿದು ಬರುತ್ತದೆ. ಹಂದಿಗೆ ಆ ದಾರಿಯೇ ಇಲ್ಲ, ಬಿಗಿದಷ್ಟೂ ಸಾಯುತ್ತದೆ. ನಾಯಿಗಳಲ್ಲಿ ಒಂದೊಂದು ಒಂದೊಂದು ಥರ. “ಇದೆಲ್ಲ ನಾನು ಓದಿದ್ದೆ ಅಜ್ಜಿ, ಬೇರೆ ಬೇರೆ ಪ್ರಾಣಿ ಅಂತ ಓದಿದ್ದೆ. ಇಲಿಯೊಳಗೇ ತಳಿ ಯಾವುದು ಅಂತ ನಾನು ಕೇಳ್ಬೇಕಿತ್ತು. ಸಾಲು ನೋಡಿ ಹಂಚ್ಬಾರ್ದಿತ್ತು, ಚೀಟಿ ಎತ್ತಿ ಹಂಚ್ಬೇಕಿತ್ತು. ಅದು ನನ್ನ ತಪ್ಪು.”

“ಸಮಪಾಲು ಮಾಡ್ಕೊಳ್ಳೋಣ,” ಅಂದೆ.

ನಡೆದದ್ದು ಮಂಚದಿಂದ ಮೇಜಿಗೆ, ಮೇಜಿನಿಂದ ಮಂಚಕ್ಕೆ.

ಸೆಪ್ಟೆಂಬರ್ 15, ಸೋಮವಾರ

ಹೋಗಿ ಬಂದಳು. ಹೋಗುವ ಮುಂಚೆ ಮೇಷ್ಟ್ರ ಕೋಣೆಯಲ್ಲಿ ಮುಕ್ಕಾಲು ಗಂಟೆ ಕೂಗಾಟವಂತೆ. “ನಿನ್ನ ಅಜ್ಜಿ ಬಾಲ ನೋಡಿ ಹೇಳಿದ್ದಕ್ಕೆ ನಾನು ಪ್ರಬಂಧ ಹಿಂದೆ ತಗೋಬೇಕಾ?” ಅಂದರಂತೆ. ಇವಳು ನಲವತ್ತು ಫೋಟೋ ಮುಂದಿಟ್ಟಳು. ಇಪ್ಪತ್ತು ದಾಟುವಷ್ಟರಲ್ಲಿ ಅವರು ಕೂತುಬಿಟ್ಟರು.

ಸಮ್ಮೇಳನದಲ್ಲಿ ಎದ್ದು ನಿಂತು, ನಾವು ಕಳಿಸಿದ ಫಲಿತಾಂಶವನ್ನು ಯಾರೂ ನಂಬಬೇಡಿ ಎಂದು ಶುರು ಮಾಡಿದಳಂತೆ. ಕೆಲವರು ಎದ್ದು ಚಹಾಕ್ಕೆ ಹೋದರು. ಒಂದಿಬ್ಬರು ನಕ್ಕರು. ಮುಂದಿನ ಸಾಲಿನ ಒಬ್ಬರು ಮಾತ್ರ ತಮ್ಮಲ್ಲಿ ಯಾವ ತಳಿ ಬರುತ್ತದೆ ಎಂದು ಕೇಳಲು ಫೋನು ಹಿಡಿದು ಹೊರಗೋಡಿದರು.

ಸ್ವಂತ ಪ್ರಯೋಗಾಲಯ ಈ ವರ್ಷ ಇಲ್ಲ. ಮುಂದಿನ ವರ್ಷದ್ದು ಗೊತ್ತಿಲ್ಲ. ಊಟ ಎರಡು ಸಲ ಹಾಕಿಸಿಕೊಂಡಳು. ನಾನು ಉಪ್ಪು ಸರಿಯಿದೆಯೇ ಎಂದು ಅವಳನ್ನು ಕೇಳಿದೆ. ನನ್ನ ನಾಲಿಗೆಗೆ ಈಗ ಗೊತ್ತಾಗುವುದಿಲ್ಲ.

ಅಕ್ಟೋಬರ್ 27, ಸೋಮವಾರ

ಮತ್ತೆ ನಲವತ್ತು ಇಲಿ ತರಿಸಿದರು, ಬೇಕೆಂದೇ ಎರಡು ತಳಿ, ಇಪ್ಪತ್ತಿಪ್ಪತ್ತು. ರಿಜಿಸ್ಟರಿನಲ್ಲಿ ಇಲಿಯಪ್ಪ ತಳಿಯ ಹೆಸರು, ತಂದ ಜಾಗ, ತೂಕ, ಬಾಲದ ಉದ್ದ ಎಲ್ಲ ಬರೆದು ಸೊಂಟದ ಜೊತೆ ಬೆರಳೂ ಹಿಡಿದುಕೊಂಡಿದೆ ಅಂದ. ನನ್ನ ಹೆಸರನ್ನೂ ಭೇಟಿಗೆ ಬಂದವರ ಪುಸ್ತಕದಲ್ಲಿ ಬರೆಸಿ, ರುಜು ಹಾಕಿಸಿ, ತಲೆಗೆ ಟೊಪ್ಪಿ ತೊಡಿಸಿ ಒಳಗೆ ಕರೆದೊಯ್ದರು. ದೊಡ್ಡ ಮೇಷ್ಟ್ರೂ ಇದ್ದರು.

“ಈ ಸಲ ನೀವೇ ವಿಂಗಡಿಸಿ ಅಜ್ಜಿ. ಆಮೇಲೆ ನೀವೇ ಕೆಡಿಸಿ.”

ವಿಂಗಡಿಸಿದೆ. ಮೊಮ್ಮಗಳು ಪೆಟ್ಟಿಗೆಯ ಹೆಸರಿಗೆ ತಾಳೆ ನೋಡಿದಳು. ಒಂದು ಇಲಿಯನ್ನು ನಾನು ತಪ್ಪು ಗುಂಪಿಗೆ ಹಾಕಿದ್ದೆ. ಅವಳು ತೋರಿಸಿದ ಮೇಲೂ ನನಗೆ ಅದು ಉದ್ದ ಬಾಲದ್ದೆಂದೇ ಕಂಡಿತು. ಸರಿ, ನೀನು ಹೇಳಿದ ಹಾಗೇ ಇರಲಿ ಅಂದೆ.

ಆಮೇಲೆ ನನ್ನನ್ನು ಇಲಿಗಳಿಗೆ ಬೆನ್ನು ಹಾಕಿಸಿ, ಗೋಡೆಯ ಕಡೆ ಮುಖ ಮಾಡಿ ಕೂರಿಸಿದರು. ಮಡಿಲಲ್ಲಿ ಎರಡು ಡಬ್ಬಿ. ಉದ್ದ ಬಾಲದವಕ್ಕೆ ಇಪ್ಪತ್ತು ಚೀಟಿ, ಅಗಲ ತಲೆಯವಕ್ಕೆ ಇಪ್ಪತ್ತು. ಎರಡರಲ್ಲೂ ಅರ್ಧ ಔಷಧ, ಅರ್ಧ ಉಪ್ಪುನೀರು. ಇಲಿಯಪ್ಪ ಹಿಂದಿನಿಂದ ಗೂಡು ಹಿಡಿದು ಕೂಗುವುದು, ನಾನು ಚೀಟಿ ಎತ್ತಿ ಓದುವುದು, ಮೊಮ್ಮಗಳು ಬರೆದುಕೊಳ್ಳುವುದು.

“ಅಗಲ ತಲೆ, ಏಳನೇದು!”

“ಔಷಧ.”

“ಉದ್ದ ಬಾಲ, ಹನ್ನೊಂದು! ಬಲು ಚುರುಕಾಗಿದೆ ಅಕ್ಕಾ ಇದು, ನೀವೇ ಮೆಚ್ಚಿದ್ದು.”

“ಬಾಯಿ ಮುಚ್ಚು, ನನಗೆ ಹೇಳ್ಬೇಡ.”

ಚೀಟಿ ಬಿಡಿಸಿದೆ. ಉಪ್ಪುನೀರು. ಡಬ್ಬಿಯ ಬಾಯಿ ಬೆರಳಿನ ಪಕ್ಕದಲ್ಲೇ ಇತ್ತು, ಗೋಡೆಯ ಕಡೆಗಿದ್ದ ನನ್ನ ಕೈ ಯಾರಿಗೂ ಕಾಣುತ್ತಿರಲಿಲ್ಲ. “ಉಪ್ಪುನೀರು” ಎಂದು ಜೋರಾಗಿ ಓದಿದೆ.

ನಲವತ್ತು ಚೀಟಿ ಎತ್ತಿದೆ. ಒಂದನ್ನೂ ವಾಪಸು ಹಾಕಲಿಲ್ಲ.